ಶಿರಂಗಾಲದ ಗುಂಡಿಮಗ್ಗ

ಕೊಡಗಿನ ಮದುವೆ ಮನೆಗಳಲ್ಲಿ ಈಗ ಕುಪ್ಯ ಚೇಲೆ ತೊಟ್ಟವರು ಮೊದಲಿಗಿಂತ ಹೆಚ್ಚಾಗಿ ಕಾಣುತ್ತಾರೆ. ನಾನು ಚಿಕ್ಕವಳಿದ್ದಾಗ ಮದುವೆಗೆ ಸೂಟು ಹಾಕಿಕೊಂಡು ಬರುವ ಗಂಡಸರೇ ಬಹಳ. ಮದುಮಗ ಮತ್ತು ನಾಲ್ಕಾರು ಹಿರಿಯರು ಕುಪ್ಯದಲ್ಲಿದ್ದರೆ ಅದೇ ದೊಡ್ಡದು. ಈಗ ಬೆಂಗಳೂರಿನಿಂದ, ದುಬೈನಿಂದ, ಅಮೆರಿಕದಿಂದ ರಜೆ ಹಾಕಿ ಬಂದ ಹುಡುಗರು ಕೂಡ ಮೊಣಕಾಲಿನವರೆಗೆ ಇಳಿಯುವ ಕಪ್ಪು ಕುಪ್ಯ ತೊಟ್ಟು, ನಡುವಿಗೆ ಕೆಂಪು ಚೇಲೆ ಬಿಗಿದು, ಅದರೊಳಗೆ ಪೀಚೆಕತ್ತಿ ಸಿಕ್ಕಿಸಿ ವಾಲಗಕ್ಕೆ ಹೆಜ್ಜೆ ಹಾಕುತ್ತಾರೆ. ಹೆಣ್ಣುಮಕ್ಕಳು ನೆರಿಗೆಯನ್ನು ಬೆನ್ನ ಹಿಂದೆ ಮಾಡಿ ಸೀರೆ ಉಡುವುದನ್ನು ವಿಡಿಯೋ ನೋಡಿಯಾದರೂ ಕಲಿಯುತ್ತಾರೆ. ನೋಡಿದರೆ ಹೆಮ್ಮೆಯೇ ಆಗುತ್ತದೆ. ಅದರ ಜೊತೆಗೆ ನನ್ನ ಕೈ ತಾನಾಗಿ ಚೇಲೆಯ ಅಂಚಿಗೆ ಹೋಗುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿದರೆ ಸಾಕು, ಯಂತ್ರದ ಮಗ್ಗದ್ದು ಎಂದು ಗೊತ್ತಾಗುತ್ತದೆ. ಎಲ್ಲಿಯದು ಎಂದು ಕೇಳಿದರೆ ಅಂಗಡಿಯ ಹೆಸರು ಹೇಳುತ್ತಾರೆ. ಅಂಗಡಿಯಲ್ಲಿ ಕೇಳಿದರೆ ಹೊರರಾಜ್ಯದ ಯಾವುದೋ ಪಟ್ಟಣದ ಹೆಸರು ಬರುತ್ತದೆ. ಶಿರಂಗಾಲದ ಹೆಸರು ಹೇಳಿದವರನ್ನು ನಾನಿನ್ನೂ ಕಂಡಿಲ್ಲ.

ಉಡುವುದನ್ನು ನಾವು ಉಳಿಸಿಕೊಂಡೆವು, ನೇಯುವುದನ್ನು ಬಿಟ್ಟುಕೊಟ್ಟೆವು. ಬಿಟ್ಟುಕೊಟ್ಟದ್ದಕ್ಕೆ ಯಾರೂ ಮರುಗಿದಂತೆ ಕಾಣುವುದಿಲ್ಲ. ನನಗೆ ಮರುಕವಿದೆ. ಅದನ್ನು ಹೇಳಿಕೊಳ್ಳುವುದಕ್ಕೇ ಈ ಲೇಖನ.

ಕೊಡಗಿನ ನಕ್ಷೆಯ ಈಶಾನ್ಯದ ತುದಿಯಲ್ಲಿ, ಕಾವೇರಿ ಈ ಜಿಲ್ಲೆಯನ್ನು ಬಿಟ್ಟು ಹೊರಡುವ ಜಾಗದಲ್ಲಿ ಶಿರಂಗಾಲವಿದೆ. ತಲಕಾವೇರಿಯಲ್ಲಿ ಹುಟ್ಟಿ ಭಾಗಮಂಡಲಕ್ಕೆ ಇಳಿದ ಹೊಳೆ ಕಾಡು, ಗದ್ದೆ, ತೋಟಗಳನ್ನು ದಾಟಿ ಕುಶಾಲನಗರದ ಹತ್ತಿರ ಬಯಲಿಗೆ ಬರುತ್ತದೆ. ಕೂಡಿಗೆಯಲ್ಲಿ ಹಾರಂಗಿಯನ್ನು ಸೇರಿಸಿಕೊಳ್ಳುತ್ತದೆ. ಆಮೇಲೆ ಜಿಲ್ಲೆಯ ಗಡಿಯಗುಂಟ ಉತ್ತರಕ್ಕೆ ಹರಿದು ಶಿರಂಗಾಲ ದಾಟಿ ಹಾಸನ ಜಿಲ್ಲೆಯ ಕೊಣನೂರು, ರಾಮನಾಥಪುರಗಳ ಕಡೆಗೆ ಹೋಗುತ್ತದೆ. ಕೊಡಗು ಎಂದರೆ ಕಾಫಿ, ಮಂಜು, ಬಿಡದ ಮಳೆ ಎಂದುಕೊಂಡು ಬಂದವರಿಗೆ ಈ ಊರು ಬೇರೆ ಸೀಮೆಯಂತೆ ಕಾಣುತ್ತದೆ. ಭಾಗಮಂಡಲದ ಮಳೆಯ ಒಂದು ಸಣ್ಣ ಪಾಲು ಮಾತ್ರ ಇಲ್ಲಿ ಬೀಳುತ್ತದೆ. ರಾಗಿ, ಮುಸುಕಿನ ಜೋಳ, ಹೊಗೆಸೊಪ್ಪು ಬೆಳೆಯುವ ಬಯಲು ಇದು. ಮಾತೂ ಮೈಸೂರು ಹಾಸನದ ಕಡೆಯ ಕನ್ನಡವೇ.

ಈ ಊರಿಗೆ ಒಂದು ಹಳೆಯ ಹೆಸರಿತ್ತು. ಕೊಡಗಿನವರು ನಡುವಿಗೆ ಕಟ್ಟುವ ಕೆಂಪು ಚೇಲೆ ನೇಯುವ ಊರು ಎಂದು. ಬ್ರಿಟಿಷರ ಕಾಲದ ಗೆಜೆಟಿಯರ್‌ಗಳು ಕೊಡಗಿನ ಕುಶಲ ಕೈಗಾರಿಕೆಗಳನ್ನು ಹೇಳುವಾಗ ಕೊಡವ ಕತ್ತಿಗಳ ಜೊತೆಗೆ ಶಿರಂಗಾಲದ ಬಟ್ಟೆಯನ್ನೂ ನೆನೆಯುತ್ತವೆ. ನೇಯ್ಗೆ ಇಲ್ಲಿಯೇ ಏಕೆ ನೆಲೆ ನಿಂತಿತು ಎಂದು ನಾನು ಬಹಳ ಯೋಚಿಸಿದ್ದೇನೆ. ನನಗೆ ತೋಚಿದ ಉತ್ತರ ಬಿಸಿಲು. ಹತ್ತಿಯ ಹಾಸನ್ನು, ಅಂದರೆ ಬಟ್ಟೆಯ ಉದ್ದಕ್ಕೆ ಓಡುವ ಎಳೆಗಳನ್ನು, ಗಂಜಿ ಹಚ್ಚಿ ಬಯಲಿನಲ್ಲಿ ಒಣಗಿಸಬೇಕು. ನಾಲ್ಕು ತಿಂಗಳು ಸೂರ್ಯನನ್ನೇ ಕಾಣದ ನಾಪೋಕ್ಲು, ಭಾಗಮಂಡಲಗಳಲ್ಲಿ ಅದು ಆಗುವ ಕೆಲಸವಲ್ಲ. ಇಲ್ಲಿ ನೂಲು ತೊಳೆಯಲು ಕಾವೇರಿ ಇತ್ತು, ಒಣಗಿಸಲು ಬಿಸಿಲಿತ್ತು, ನೂಲು ಬರುವ ಬಯಲುಸೀಮೆಯ ದಾರಿ ಬಾಗಿಲಲ್ಲೇ ಇತ್ತು. ಕೊಳ್ಳುವವರು ಮಾತ್ರ ಮೇಲಿನ ಬೆಟ್ಟಗಳಲ್ಲಿದ್ದರು.

1980ರ ದಶಕದಲ್ಲಿ ನನ್ನ ಅಪ್ಪ ಮೇಷ್ಟ್ರಾಗಿ ಆ ಕಡೆಗೆ ವರ್ಗವಾಗಿದ್ದರು. ನಾವಿದ್ದ ಬಾಡಿಗೆ ಮನೆಯ ಎದುರು ಸಾಲಿನಲ್ಲಿ ಒಂದು ನೇಕಾರರ ಮನೆ. ಆ ಮನೆಯ ಹಿರಿಯರನ್ನು ನಾನು ತಾತ ಎಂದೇ ಕರೆಯುತ್ತಿದ್ದೆ. ಅವರು ನನ್ನನ್ನು ಕೂಸೇ ಎನ್ನುತ್ತಿದ್ದರು. ಚೇಲೆ ನೇಯುವುದನ್ನು ಅವರು ಬಿಟ್ಟು ಬಹಳ ಕಾಲವಾಗಿತ್ತು. ಆಗ ಮಗ್ಗದ ಮೇಲಿದ್ದದ್ದು ಟವೆಲು, ಪಂಚೆ, ಹೊದಿಕೆ. ಆದರೆ ಕಲಿಯುವವರಿಗೆ ಟವೆಲ್ಲೇ ಸರಿಯಾದ ಪಾಠ ಎಂದು ಈಗ ಅನ್ನಿಸುತ್ತದೆ.

ಆ ಮನೆಯಲ್ಲಿ ಯಾರನ್ನೂ ಮೊದಲಿಗೇ ಮಗ್ಗದ ಹತ್ತಿರ ಬಿಡುತ್ತಿರಲಿಲ್ಲ. ಮೊದಲು ಕಂಡಿಕೆ ಸುತ್ತಬೇಕು. ಲಡಿಯಿಂದ ನೂಲು ಬಿಡಿಸಿ ರಾಟೆ ತಿರುಗಿಸುತ್ತ ಬೆರಳುದ್ದದ ಕಂಡಿಕೆಗೆ ಸುತ್ತುವುದು, ಆ ಕಂಡಿಕೆ ಲಾಳಿಯ ಹೊಟ್ಟೆಯೊಳಗೆ ಕೂರುವುದು. ಮನೆಯ ಮಕ್ಕಳು, ಮುದುಕಿಯರು ಮಾಡುವ ಕೆಲಸ ಅದು, ನೋಡಲು ಸುಲಭ. ಸಡಿಲವಾಗಿ ಸುತ್ತಿದರೆ ಲಾಳಿ ಓಡುವಾಗ ನೂಲು ಸುರುಳಿ ಸುರುಳಿಯಾಗಿ ಕಳಚಿ ಬಟ್ಟೆಯಲ್ಲಿ ಗಂಟಾಗಿ ಕೂರುತ್ತದೆ. ಬಿಗಿಯಾಗಿ ಸುತ್ತಿದರೆ ಅಂಚನ್ನು ಒಳಕ್ಕೆ ಎಳೆಯುತ್ತದೆ, ಇಲ್ಲವೇ ಹರಿಯುತ್ತದೆ. ಎಡಗೈಯ ಎರಡು ಬೆರಳ ನಡುವೆ ನೂಲು ಹಾದುಹೋಗುವಾಗ ಎಷ್ಟು ಒತ್ತಬೇಕು ಎನ್ನುವುದನ್ನು ಯಾರೂ ಬಾಯಿಂದ ಹೇಳಲಾರರು. ತಾತನ ಹೆಂಡತಿ ನನ್ನ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟು ರಾಟೆ ತಿರುಗಿಸಿದರು. ಪಾಠವೆಂದರೆ ಅಷ್ಟೇ. ನೂಲಿನ ನಂಬರು ಎಂದರೇನು ಎಂದು ಅಪ್ಪ ಮನೆಯಲ್ಲಿ ಲೆಕ್ಕ ಮಾಡಿ ತೋರಿಸಿದರು. ಒಂದು ಪೌಂಡ್ ನೂಲಿನಲ್ಲಿ 840 ಗಜದ ಎಷ್ಟು ಲಡಿಗಳು ಬರುತ್ತವೆಯೋ ಅದೇ ಅದರ ನಂಬರು. ನಂಬರು ಹೆಚ್ಚಿದಷ್ಟೂ ನೂಲು ಸಣ್ಣ. ಆ ಅಜ್ಜಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಕತ್ತಲಲ್ಲಿ ನೂಲು ಮುಟ್ಟಿ ನಂಬರು ಹೇಳುತ್ತಿದ್ದರು.

ಗಂಜಿ ಹಚ್ಚುವ ದಿನ ಬೀದಿಗೆ ಬೀದಿಯೇ ಮಗ್ಗವಾಗುತ್ತಿತ್ತು. ಬೆಳಕು ಹರಿಯುವ ಮೊದಲು ಎರಡು ಕಡೆ ಕವೆಗೋಲು ನಿಲ್ಲಿಸಿ ಉದ್ದಕ್ಕೆ ಹಾಸು ಎಳೆಯುತ್ತಿದ್ದರು. ತೆಳುವಾಗಿ ಕಾಸಿದ ಅಕ್ಕಿ ಗಂಜಿಯನ್ನು ನೂಲಿಗೆ ಹಚ್ಚಿ ದೊಡ್ಡ ಕುಂಚದಿಂದ ಒಂದೇ ದಿಕ್ಕಿಗೆ ಬಾಚುತ್ತ ಬಾಚುತ್ತ ಹೋಗುತ್ತಿದ್ದರು. ಗಂಜಿ ಎಳೆಯ ಮೇಲಿನ ರೋಮವನ್ನು ಮಲಗಿಸಬೇಕು, ಆದರೆ ಒಂದು ಎಳೆಯನ್ನು ಇನ್ನೊಂದಕ್ಕೆ ಅಂಟಿಸಬಾರದು. ಬಿಸಿಲೇರಿದರೆ ನೂಲು ಬೇಗ ಒಣಗಿ ಸೆಟೆದು ಹರಿಯುತ್ತದೆ. ಮೋಡ ಬಂದರೆ ಒಣಗುವುದೇ ಇಲ್ಲ. ಮೂಡಣ ನೋಡಿ, ಗಾಳಿ ನೋಡಿ, ತಾತ ಇವತ್ತು ಬೇಡ ಎಂದರೆ ಎಲ್ಲರೂ ವಾಪಸ್ಸು. ಸೈಕಲ್ಲಿನಲ್ಲಿ ಹೋಗುವವರು ಇಳಿದು ತಳ್ಳಿಕೊಂಡು ಪಕ್ಕದಲ್ಲಿ ಸಾಗುತ್ತಿದ್ದರು. ದನ ಬಾರದಂತೆ ಕಾಯುವುದು ನಮ್ಮಂಥ ಮಕ್ಕಳ ಕೆಲಸ. ಬೀದಿಯಲ್ಲಿ ಓಡಾಡುವ ವಾಹನ ಹೆಚ್ಚಾದ ಮೇಲೆ ಈ ಕೆಲಸಕ್ಕೆ ಊರಿನಲ್ಲಿ ಜಾಗವೇ ಇಲ್ಲವಾಯಿತು. ಮಗ್ಗ ನಿಂತ ಕಾರಣಗಳನ್ನು ಬರೆಯುವವರು ಇದನ್ನು ಬರೆಯುವುದಿಲ್ಲ, ಆದರೆ ಇದೂ ಒಂದು ಕಾರಣ.

ಆಮೇಲೆ ಕೆಚ್ಚುವುದು. ಮುಗಿದುಹೋದ ಹಾಸಿನ ತುದಿಗಳು ಎಳೆಗಳನ್ನು ಹಿಡಿದಿಡುವ ಬಾಚಣಿಗೆಯಂಥ ಹಣಿಗೆಯಲ್ಲಿ ಹಾಗೇ ಇರುತ್ತವೆ. ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯ ಒಂದೊಂದು ಎಳೆಗೆ ಹೊಸೆದು ಕೂಡಿಸಬೇಕು. ಅಂಗುಲಕ್ಕೆ 60 ಎಳೆಯಂತೆ 45 ಅಂಗುಲ ಅಗಲದ ಬಟ್ಟೆ ಎಂದರೆ 2700 ಎಳೆ. ಬೂದಿ ಸೋಕಿಸಿದ ಬೆರಳಲ್ಲಿ ಹೊಸೆದರೆ ಗಂಟಿಲ್ಲದೆ ಕೂಡಿಕೊಳ್ಳುತ್ತದೆ. ಆ ಮನೆಯ ಸೊಸೆ ಊರ ಸುದ್ದಿ ಹೇಳುತ್ತಲೇ ಕೆಚ್ಚುತ್ತಿದ್ದರು, ಕಣ್ಣು ನಮ್ಮ ಮೇಲೆ, ಕೈ ಎಳೆಯ ಮೇಲೆ. ಸಾವಿರಾರು ಎಳೆಗಳಲ್ಲಿ ಒಂದು ಅದಲು ಬದಲಾದರೂ ಬಟ್ಟೆಯ ಉದ್ದಕ್ಕೂ ಗೆರೆ ಬೀಳುತ್ತದೆ. ನೇಕಾರ ಎಂದು ಹೆಸರು ಬರುವುದು ಮಗ್ಗದ ಮೇಲೆ ಕೂತ ಗಂಡಸಿಗೆ. ಅವನು ಕೂರುವ ಮೊದಲೇ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹೆಂಗಸರು ಮುಗಿಸಿರುತ್ತಿದ್ದರು. 2019-20ರ ದೇಶದ ನಾಲ್ಕನೇ ಕೈಮಗ್ಗ ಗಣತಿಯಲ್ಲಿ ಈ ಕಸುಬಿನವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಹೆಂಗಸರೇ ಎಂದು ಬಂದಾಗ ಅನೇಕರಿಗೆ ಆಶ್ಚರ್ಯವಾಯಿತು. ಆ ಸೊಸೆಯನ್ನು ನೋಡಿದ್ದ ನನಗೆ ಆಗಲಿಲ್ಲ.

ಕೊನೆಗೆ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರ ಅಂಚಿನಲ್ಲಿ ಕೂತು ಕಾಲನ್ನು ಒಳಕ್ಕೆ ಇಳಿಬಿಟ್ಟು ತುಳಿಯುವ ಮಗ್ಗ. ನೆಲದ ತಂಪು ಎಳೆಗಳಿಗೆ ತಾಗುವುದರಿಂದ ನೂಲು ಒಣಗಿ ಹರಿಯುವುದಿಲ್ಲ ಎಂಬ ಲಾಭ ಗುಂಡಿಮಗ್ಗಕ್ಕಿದೆ. ಒಂದು ಕಾಲು ಒತ್ತಿದರೆ ಅರ್ಧ ಎಳೆಗಳು ಮೇಲೆ, ಅರ್ಧ ಕೆಳಗೆ. ನಡುವೆ ತೆರೆದ ದಾರಿಯಲ್ಲಿ ಲಾಳಿ ಓಡುತ್ತದೆ. ಹಣಿಗೆಯಿಂದ ಹೊಕ್ಕನ್ನು, ಅಂದರೆ ಲಾಳಿ ಬಿಟ್ಟುಹೋದ ಅಡ್ಡ ಎಳೆಯನ್ನು, ಬಡಿದು ಕೂರಿಸಿ ಕಾಲು ಬದಲಿಸಬೇಕು. ಹೊಸಬರ ಬಟ್ಟೆ ಗೇಣು ಗೇಣಿಗೂ ಅಗಲ ಕಳೆದುಕೊಳ್ಳುತ್ತ ಹೋಗುತ್ತದೆ. ಹೊಕ್ಕಿನ ಎಳೆ ಅಂಚಿನಲ್ಲಿ ತಿರುಗುವಾಗ ಒಂದು ಕೂದಲೆಳೆಯಷ್ಟು ಸಡಿಲ ಬಿಡಬೇಕೆಂಬುದು ಕೈಗೆ ಹತ್ತುವವರೆಗೂ ಹಾಗೆಯೇ. 'ಕೂಸೇ, ಬಟ್ಟೆ ನೋಡ್ಬ್ಯಾಡ, ಅಂಚ್ ನೋಡು. ಅಂಚ್ ನೆಟ್ಗಿದ್ರೆ ನಡ್ವೆ ತಾನೇ ನೆಟ್ಗಾಯ್ತದೆ' ಎಂದು ತಾತ ಹೇಳುತ್ತಿದ್ದರು. ಮುಂದೆ ಬೆಂಗಳೂರಿನಲ್ಲಿ ಬಟ್ಟೆ ವಿನ್ಯಾಸ ಓದುವಾಗ ಸಿಕ್ಕ ಪಠ್ಯಗಳಲ್ಲಿ ಇದಕ್ಕಿಂತ ಉಪಯೋಗದ ವಾಕ್ಯ ನನಗೆ ಸಿಗಲಿಲ್ಲ.

ವಿನ್ಯಾಸದ ವಿಷಯಕ್ಕೆ ಬಂದರೆ, ನೇಯ್ಗೆಯಲ್ಲಿ ಎರಡು ತರಹದ ಚಿತ್ರಗಳಿವೆ. ಹಾಸಿನ ಚಿತ್ರ ಮಗ್ಗಕ್ಕೆ ಏರುವ ಮೊದಲೇ ಮುಗಿದುಹೋಗಿರುತ್ತದೆ. ಎಷ್ಟು ಕೆಂಪು ಎಳೆ, ಎಷ್ಟು ಕಪ್ಪು ಎಳೆ ಎಂಬ ಲೆಕ್ಕ ಹಾಸು ಸುತ್ತುವಾಗಲೇ ತೀರ್ಮಾನ, ಆಮೇಲೆ ಒಂದೆಳೆಯನ್ನೂ ಬದಲಿಸುವಂತಿಲ್ಲ. ಹೊಕ್ಕಿನ ಚಿತ್ರ ಹಾಗಲ್ಲ. ಒಂದೊಂದು ಸಲ ಲಾಳಿ ಎಸೆಯುವಾಗಲೂ ಮುಂದೇನು ಎಂದು ನೇಕಾರ ಹೊಸದಾಗಿ ನಿಶ್ಚಯಿಸಬಹುದು. ಚೇಲೆಯ ತುದಿಯಲ್ಲಿ ಬರುತ್ತಿದ್ದ ಪಟ್ಟಿಗಳು ಈ ಎರಡನೆಯ ಜಾತಿಯವು ಎಂದು ತಾತ ಹೇಳುತ್ತಿದ್ದರು. ಒಂದು ಮಧ್ಯಾಹ್ನ, ನಾನು ಬಹಳ ಕಾಡಿದ ಮೇಲೆ, ಮಗ್ಗದಲ್ಲಿದ್ದ ಟವೆಲಿನ ಕೊನೆಯ ತುಂಡಿನಲ್ಲಿ ಒಂದು ಬೆರಳಗಲ ಮಾಡಿ ತೋರಿಸಿದರು. ಚಪ್ಪಟೆ ಬಿದಿರ ಕಡ್ಡಿಯಿಂದ ಹಾಸಿನ ಎಳೆಗಳನ್ನು ಎಣಿಸಿ ಎತ್ತುತ್ತ, 'ಮೂರ್ ಬುಡು ಒಂದೆತ್ತು, ಮೂರ್ ಬುಡು ಒಂದೆತ್ತು' ಎಂದು ಮೆಲ್ಲಗೆ ಹೇಳಿಕೊಳ್ಳುತ್ತ, ಎತ್ತಿದ ಎಳೆಗಳ ಕೆಳಗೆ ದಪ್ಪ ಬಿಳಿ ನೂಲನ್ನು ಕೈಯಿಂದಲೇ ಸಾಗಿಸಿದರು. ಅದರ ಮೇಲೊಂದು ಸಾದಾ ಹೊಕ್ಕು. ಮತ್ತೆ ಎಣಿಕೆ, ಈ ಸಲ ಒಂದೆಳೆ ಸರಿದು. ಸಾಲು ಸಾಲಾಗಿ ಸರಿಯುತ್ತ ಹೋದ ಬಿಳಿ ಚುಕ್ಕೆಗಳು ಮೊದಲು ಓರೆ ಗೆರೆಯಾದವು, ಆಮೇಲೆ ಮಡಿಚಿ ವಜ್ರವಾದವು. ಕಾಗದವಿಲ್ಲ, ಗೆರೆಯಿಲ್ಲ. ಇಡೀ ಚಿತ್ರ ಎಣಿಕೆಯಾಗಿ ಅವರ ಬಾಯಲ್ಲಿತ್ತು. ಅವರಿಗೆ ಅದನ್ನು ಅವರ ಅಪ್ಪ ಬಾಯಲ್ಲೇ ಕೊಟ್ಟದ್ದು. ಅವರ ಮಗ ಅದನ್ನು ಕಲಿಯಲಿಲ್ಲ. ಕಲಿಯಲು ಕಾರಣವೂ ಇರಲಿಲ್ಲ, ಚೇಲೆ ಕೇಳಿಕೊಂಡು ಬರುವವರೇ ಇರಲಿಲ್ಲವಲ್ಲ.

ಕೇಳುವವರು ಯಾವಾಗ ನಿಂತರು? ಇದಕ್ಕೆ ಒಂದು ದಿನಾಂಕ ಹೇಳಲು ಬರುವುದಿಲ್ಲ. 1834ರಲ್ಲಿ ಚಿಕ್ಕವೀರರಾಜನನ್ನು ಇಳಿಸಿ ಕಂಪನಿ ಸರ್ಕಾರ ಕೊಡಗನ್ನು ತೆಗೆದುಕೊಂಡಿತು. 1854ರಿಂದ ಯುರೋಪಿಯನ್ನರ ಕಾಫಿ ತೋಟಗಳು ಎದ್ದವು. ತೋಟದ ಜೊತೆಗೆ ರಸ್ತೆ ಬಂತು, ರಸ್ತೆಯ ಮೇಲೆ ಗಿರಣಿ ಬಟ್ಟೆ ಬಂತು. ಜಿ. ರಿಕ್ಟರ್ 1870ರಲ್ಲಿ ಕೊಡಗಿನ ಕೈಪಿಡಿಯನ್ನು ಬರೆದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸುವ ಹೊತ್ತಿಗೆ ಈ ನಾಡು ಹೊರಗಿನ ಪೇಟೆಗೆ ಚೆನ್ನಾಗಿ ತೆರೆದುಕೊಂಡಿತ್ತು. ಅದೇ ಸುಮಾರಿಗೆ, 1869ರ ಹೊತ್ತಿಗೆ, ಜರ್ಮನಿಯಲ್ಲಿ ಅಲಿಝರಿನ್ ಎಂಬ ಕೆಂಪು ಬಣ್ಣವನ್ನು ರಾಸಾಯನಿಕವಾಗಿ ತಯಾರಿಸಿದರು. ಬೇರಿನಿಂದ ಕೆಂಪು ತೆಗೆಯುತ್ತಿದ್ದ ಭಾರತದ ಬಣ್ಣಗಾರರ ಕೆಲಸ ಕೆಲವೇ ದಶಕಗಳಲ್ಲಿ ಕರಗಿಹೋಯಿತು. ಹಾಗೆಂದು ಹೊರಗಿನಿಂದ ಬಂದದ್ದೆಲ್ಲ ಮಗ್ಗವನ್ನು ಕೊಂದಿತು ಎನ್ನಲಾರೆ. ಬಾಸೆಲ್ ಮಿಷನ್ನಿನ ಜಾನ್ ಹಾಲರ್ 1851ರಲ್ಲಿ ಮಂಗಳೂರಿಗೆ ಬಂದು ನೇಯ್ಗೆ ಕಾರ್ಖಾನೆ ಕಟ್ಟಿದ್ದರಿಂದ ಕರಾವಳಿಯ ಕೈಮಗ್ಗಗಳಿಗೆ ಹೊಸ ಜೀವವೇ ಬಂತು. ಹಗ್ಗ ಎಳೆದರೆ ತಾನೇ ಓಡುವ ಲಾಳಿ ನಮ್ಮ ಕಡೆ ಹರಡಿದ್ದರಲ್ಲಿ ಅವರ ಪಾಲು ದೊಡ್ಡದು. ಅದಕ್ಕೂ ಮೊದಲು ಕೈಯಿಂದ ಕೈಗೆ ಲಾಳಿ ದಾಟಿಸಬೇಕಿತ್ತು, ಬಟ್ಟೆಯ ಅಗಲ ನೇಕಾರನ ಎರಡು ತೋಳಿನ ಅಳತೆಯನ್ನು ಮೀರುವಂತಿರಲಿಲ್ಲ.

ಕೊಡಗಿನಲ್ಲಿ ನಡೆದದ್ದು ಬೇರೆ. ನಮ್ಮ ದುಡ್ಡು, ನಮ್ಮ ಯೋಚನೆ, ನಮ್ಮ ಮಾತು ಎಲ್ಲ ಕಾಫಿಯಾಯಿತು. ಕಾಫಿಯ ಬೆಲೆ ಏರಿದ ವರ್ಷಗಳಲ್ಲಿ ಮನೆಗಳು ದೊಡ್ಡವಾದವು, ಮದುವೆಗಳು ದೊಡ್ಡವಾದವು, ಉಡುಗೆಯಲ್ಲಿ ಜರಿ ಹೆಚ್ಚಾಯಿತು. ದಪ್ಪ ಹತ್ತಿಯ ಚೇಲೆಗಿಂತ ಹೊರಗಿನ ರೇಷ್ಮೆಯದು ಹೊಳೆಯುತ್ತದೆ, ಹಗುರ. ಕೊಂಡವರನ್ನು ದೂರುವುದು ಹೇಗೆ? ಇತ್ತ ಬಯಲಿನಲ್ಲಿ ಕುಶಾಲನಗರ ಬೆಳೆಯಿತು, ಕೂಡ್ಲೂರಿನ ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಸಂಸ್ಕರಣೆಯ ಘಟಕಗಳು ಬಂದವು. ಕಾಫಿ ಬೀಜ ಆರಿಸುವ ಕೆಲಸಕ್ಕೆ ಹೋದ ಹೆಂಗಸಿಗೆ ವಾರಕ್ಕೊಮ್ಮೆ ಕೂಲಿ ಕೈಗೆ ಬರುತ್ತದೆ. ಕಂಡಿಕೆ ಸುತ್ತಿ, ಗಂಜಿ ಕಾಸಿ, ಕೆಚ್ಚಿದ್ದಕ್ಕೆ ಬೇರೆ ಕೂಲಿ ಎಂದೂ ಇರಲಿಲ್ಲ. ಅದು ಮನೆಯ ಕೆಲಸದ ಲೆಕ್ಕಕ್ಕೇ ಸೇರಿತ್ತು. ಹೆಂಗಸರು ಎದ್ದು ಹೋದ ದಿನ ಮಗ್ಗ ನಿಂತಿತು. ತಾತನ ಮನೆಯಲ್ಲಿ ನಾನು ಕಂಡದ್ದು ಇದನ್ನೇ. ಸೊಸೆ ದುಡಿಮೆಗೆ ಹೊರಗೆ ಹೋಗತೊಡಗಿದ ಮೇಲೆ ಹಾಸು ಕೆಚ್ಚುವವರಿಲ್ಲದೆ ಮಗ್ಗ ತಿಂಗಳುಗಟ್ಟಲೆ ಖಾಲಿ ಕೂತಿರುತ್ತಿತ್ತು. ಆಕೆ ಹೋದದ್ದು ಸರಿಯೇ. ಆಕೆಯ ಕೈಗಿದ್ದ ಬೆಲೆಯನ್ನು ಬಟ್ಟೆಯ ಬೆಲೆಯಲ್ಲಿ ಸೇರಿಸಲು ನಮಗೆ ಯಾರಿಗೂ ತೋಚಲಿಲ್ಲವಲ್ಲ, ನನ್ನ ಸಂಕಟ ಅದು.

ದೇಶದ ಲೆಕ್ಕವೂ ಇದೇ ದಾರಿಯದು. 2009-10ರ ಗಣತಿಯಲ್ಲಿ ಕೈಮಗ್ಗದ ಕಸುಬಿನಲ್ಲಿದ್ದವರು 43.31 ಲಕ್ಷ. ಹತ್ತು ವರ್ಷದ ಮೇಲೆ 35.22 ಲಕ್ಷ. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾನೂನು 1985ರಲ್ಲಿ ಬಂದಿದೆ, ಮೊದಲು 22 ಬಗೆಗಳಿದ್ದ ಪಟ್ಟಿ ಆಮೇಲೆ 11ಕ್ಕೆ ಇಳಿಯಿತು. ಶಿರಂಗಾಲದ ಬೀದಿಯಲ್ಲಿ ಈ ಕಾನೂನಿನ ಹೆಸರನ್ನು ನಾನು ಕೇಳಿದ ನೆನಪಿಲ್ಲ.

ಇದಕ್ಕೆ ಎದುರಾದ ಒಂದು ಚಿತ್ರವೂ ಹತ್ತಿರದಲ್ಲೇ ಇತ್ತು. ಕುಶಾಲನಗರದಲ್ಲಿ ಕಾವೇರಿಯ ಸೇತುವೆ ದಾಟಿದರೆ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು, ಅಲ್ಲಿಂದ ಸ್ವಲ್ಪ ದೂರಕ್ಕೆ ಬೈಲುಕುಪ್ಪೆ. 1960ರ ಕೊನೆಯಲ್ಲಿ ಟಿಬೆಟಿನ ನಿರಾಶ್ರಿತರು ಅಲ್ಲಿ ಕಾಡು ಕಡಿದು ನೆಲೆ ನಿಂತರು. ದೇಶ ಬಿಟ್ಟು, ಮನೆ ಬಿಟ್ಟು, ಹಿಮದ ದಾರಿ ದಾಟಿ ಬಂದವರು. ಅವರು ಮೊದಲು ಕಟ್ಟಿಕೊಂಡವುಗಳಲ್ಲಿ ಜಮಖಾನ ನೇಯುವ ಕೇಂದ್ರವೂ ಒಂದು. ಹೈಸ್ಕೂಲಿನಲ್ಲಿದ್ದಾಗ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಗೋಡೆಯಂತೆ ನಿಂತ ಮಗ್ಗ, ಅದರ ಮುಂದೆ ಸಾಲಾಗಿ ಕೂತ ಹೆಂಗಸರು. ಕಬ್ಬಿಣದ ಸರಳಿಗೆ ಉಣ್ಣೆಯನ್ನು ಸುತ್ತುತ್ತ ಸುತ್ತುತ್ತ ಒಂದು ಸಾಲು ಮುಗಿಸಿ, ಬಡಿದು ಬಿಗಿಮಾಡಿ, ಸರಳಿನ ಮೇಲೆ ಚೂರಿ ಎಳೆದರೆ ಕುಣಿಕೆಗಳೆಲ್ಲ ಬಿಚ್ಚಿಕೊಂಡು ರೋಮವಾಗಿ ಎದ್ದು ನಿಲ್ಲುತ್ತಿದ್ದವು. ಪಕ್ಕದಲ್ಲಿ ಚೌಕುಳಿ ಹಾಳೆಯ ಮೇಲೆ ಬಣ್ಣ ತುಂಬಿದ ನಕ್ಷೆ ತೂಗಿತ್ತು. ಡ್ರ್ಯಾಗನ್, ತಾವರೆ, ಮೋಡ. ಒಂದೊಂದು ಚೌಕುಳಿಯೂ ಒಂದೊಂದು ಗಂಟು.

ಅಂದು ಕಂಡ ಆ ನಕ್ಷೆಯ ಹಾಳೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಎಲ್ಲವನ್ನೂ ಕಳೆದುಕೊಂಡವರು ಚಿತ್ರವನ್ನು ಹಾಳೆಗೆ ಇಳಿಸಿಟ್ಟುಕೊಂಡಿದ್ದರು, ಹುಡುಗಿಯರಿಗೆ ಕೂರಿಸಿ ಕಲಿಸುತ್ತಿದ್ದರು. ಏನನ್ನೂ ಕಳೆದುಕೊಳ್ಳದ ನಾವು ನಮ್ಮದನ್ನು ಒಬ್ಬ ಮುದುಕನ ಬಾಯಲ್ಲಿ ಬಿಟ್ಟು ನಿಶ್ಚಿಂತರಾಗಿದ್ದೆವು. ಈಗ ಬೈಲುಕುಪ್ಪೆಯ ಹೊಸ ತಲೆಮಾರೂ ದೂರದ ದೇಶಗಳಿಗೆ ಹೊರಡುತ್ತಿದೆ, ಜಮಖಾನದ ಮಗ್ಗದ ಮುಂದೆ ಮೊದಲಿನ ಸಾಲುಗಳಿಲ್ಲ. ಆದರೂ ಅವರ ನಕ್ಷೆ ಹಾಳೆಯಲ್ಲಿದೆ. ನಾಳೆ ಯಾರಾದರೂ ಕಲಿಯಬೇಕೆಂದರೆ ಹಿಡಿದುಕೊಳ್ಳಲು ಒಂದು ತುದಿ ಇದೆ.

ಹೀಗೆ ಉಳಿಸಿಕೊಳ್ಳುವ ಕೆಲಸವನ್ನು ಬೇರೆ ಕಡೆಗಳಲ್ಲಿ ಮಾಡಿದ್ದಾರೆ. ಉಡುಪಿ ಸೀರೆ ನೇಯುವವರು ಬೆರಳೆಣಿಕೆಯ ಮುದುಕರು ಮಾತ್ರ ಎನ್ನುವ ಸ್ಥಿತಿ ಬಂದಿತ್ತು. 2016ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬರೀ ಮಾನ್ಯತೆಯಿಂದ ಏನೂ ಆಗುತ್ತಿರಲಿಲ್ಲ, ಆಮೇಲೆ ಕದಿಕೆ ಟ್ರಸ್ಟಿನವರು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ನಿಂತು ಹೊಸಬರಿಗೆ ಕಲಿಸತೊಡಗಿದರು, ಮಗ್ಗದ ಮೇಲೆ ಮತ್ತೆ ಎಳೆಯ ವಯಸ್ಸಿನ ಕೈಗಳು ಕಂಡವು. ಸಾಗರದ ಹತ್ತಿರ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಮತ್ತು ಅಲ್ಲಿನ ಹಳ್ಳಿಯ ಹೆಂಗಸರು 1990ರ ದಶಕದಲ್ಲಿ ಕಟ್ಟಿದ ಚರಕ ಸಂಸ್ಥೆ ಅಡಿಕೆಯ ಚೊಗರಿನಿಂದ ಬಣ್ಣ ತೆಗೆದು ನೂಲಿಗೆ ಹಾಕಿತು. ನೇಕಾರರ ಪರಂಪರೆಯೇ ಇಲ್ಲದ ಊರು ಅದು. ಅಡಿಕೆ ನಮ್ಮಲ್ಲೂ ಬೆಳೆಯುತ್ತದೆ. ಉತ್ತರ ಕರ್ನಾಟಕದ ಪಟ್ಟೇದ ಅಂಚು ಸೀರೆ ಕಣ್ಮರೆಯಾಗಿದ್ದಾಗ ಹೇಮಲತಾ ಜೈನ್ ಹಳೆಯ ಸೀರೆಯನ್ನು ಹುಡುಕಿ ಅದನ್ನು ಓದಿ ಮತ್ತೆ ನೇಯಿಸಿದರು. ಓದುವುದು ಎಂದೇ ಹೇಳುತ್ತಿದ್ದೇನೆ. ಭೂತಗನ್ನಡಿ ಹಿಡಿದು ಅಂಗುಲಕ್ಕೆ ಎಷ್ಟು ಎಳೆ, ಯಾವುದು ಮೇಲೆ, ಯಾವುದು ಕೆಳಗೆ ಎಂದು ಎಣಿಸುತ್ತ ಹೋದರೆ ಬಟ್ಟೆ ತನ್ನ ಮಗ್ಗವನ್ನು ತಾನೇ ಹೇಳುತ್ತದೆ.

ಕೊಡಗಿನಲ್ಲಿ ಹಣಕ್ಕೆ ಕೊರತೆ ಇರಲಿಲ್ಲ, ಅಭಿಮಾನಕ್ಕಂತೂ ಇಲ್ಲವೇ ಇಲ್ಲ. ವರ್ಷಕ್ಕೆ ಎಷ್ಟು ಮದುವೆ, ಎಷ್ಟು ಪುತ್ತರಿ ಕೋಲಾಟ! ಒಂದೊಂದು ಒಕ್ಕದವರು, ಅಂದರೆ ಒಂದೊಂದು ಮನೆತನದವರು, ತಮ್ಮ ಮೂಲಮನೆಯಾದ ಐನ್‌ಮನೆಗೆಂದು ಹತ್ತು ಕೈಮಗ್ಗದ ಚೇಲೆ ಬೇಕೆಂದು ಹೇಳಿದ್ದರೆ ಶಿರಂಗಾಲದ ಎಷ್ಟೋ ಮಗ್ಗಗಳು ನಡೆಯುತ್ತಿದ್ದವು. ತುಲಾ ಸಂಕ್ರಮಣದಲ್ಲಿ ತಲಕಾವೇರಿಯಲ್ಲಿ ತೀರ್ಥೋದ್ಭವವಾದ ಮೇಲೆ ನಮ್ಮ ಮನೆಗಳಲ್ಲಿ ಕಣಿಪೂಜೆ ಮಾಡುತ್ತೇವೆ, ಕಾವೇರಿಯೆಂದು ಇಟ್ಟ ಕಣಿಗೆ ಕೆಂಪು ವಸ್ತ್ರ ಹೊದಿಸುತ್ತೇವೆ. ಬಲಮುರಿಯಲ್ಲಿ ಹೊಳೆಯ ಸೆಳೆತಕ್ಕೆ ನೆರಿಗೆ ಹಿಂದಕ್ಕೆ ಸರಿದದ್ದರಿಂದಲೇ ಕೊಡವತಿಯರು ಹಿಂದೆ ನೆರಿಗೆ ಹಿಡಿಯುತ್ತಾರೆಂದು ಅಜ್ಜಿಯರು ಮಕ್ಕಳಿಗೆ ಕತೆ ಹೇಳುತ್ತಾರೆ. ನದಿಗೂ ಬಟ್ಟೆಗೂ ಇಷ್ಟು ಹತ್ತಿರದ ನಂಟು ಇಟ್ಟುಕೊಂಡವರು, ಅದೇ ನದಿಯ ದಡದಲ್ಲಿ ನಮಗಾಗಿ ನೇಯುತ್ತಿದ್ದವರನ್ನು ಹೇಗೆ ಮರೆತೆವು?

ಈಗ ಕಲಿಯಲು ಬಯಸುವ ಎಳೆಯರು ನನಗೆ ಸಿಗುತ್ತಾರೆ. ರೆಸಾರ್ಟುಗಳಲ್ಲಿ ಎರಡು ದಿನದ ನೇಯ್ಗೆ ಶಿಬಿರಗಳು ನಡೆಯುತ್ತವೆ, ಮೇಜಿನ ಮೇಲಿಡುವ ಪುಟ್ಟ ಮಗ್ಗದಲ್ಲಿ ಒಂದು ಕರವಸ್ತ್ರದಷ್ಟು ನೇಯ್ದು ಎಲ್ಲರೂ ಸಂತೋಷದಿಂದ ಮನೆಗೆ ಹೋಗುತ್ತಾರೆ. ನಾನೂ ಅಂಥ ಕಡೆ ಪಾಠ ಹೇಳಿದ್ದೇನೆ, ಒಳ್ಳೆಯದೇ. ಆದರೆ ಅಲ್ಲಿ ಹಾಸು ಮೊದಲೇ ಏರಿಸಿರುತ್ತಾರೆ. ಗಂಜಿಯ ವಾಸನೆ, ಮೋಡ ನೋಡಿ ಕೆಲಸ ನಿಲ್ಲಿಸುವ ವಿವೇಕ, ಬೂದಿಯ ಬೆರಳಿನಲ್ಲಿ ಎಳೆ ಹೊಸೆಯುವ ಬೇಸರ, ಇವು ಎರಡು ದಿನಕ್ಕೆ ಬರುವುದಿಲ್ಲ. ಬೇಸರವನ್ನು ದಾಟದೆ ಕೈ ಕಲಿಯುವುದಿಲ್ಲ ಎಂದು ನಾನು ಬಲವಾಗಿ ನಂಬಿದ್ದೇನೆ. ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವ ವಿದ್ಯಾರ್ಥಿಗಳು ಸೊಗಸಾದ ವಜ್ರಗಳನ್ನು ಬಿಡಿಸುತ್ತಾರೆ. ಅದರಲ್ಲಿ ಯಾವುದೋ ಒಂದು ಕಡೆ ಹೊಕ್ಕಿನ ಎಳೆ ಹನ್ನೆರಡು ಹಾಸಿನ ಮೇಲೆ ತೇಲುತ್ತಿರುತ್ತದೆ, ಪೀಚೆಕತ್ತಿಯ ಹಿಡಿಗೆ ಸಿಕ್ಕಿ ಮೊದಲ ದಿನವೇ ಕಿತ್ತು ಬರುವಂಥದ್ದು. 'ಮೂರ್ ಬುಡು ಒಂದೆತ್ತು' ಎನ್ನುವ ಎಣಿಕೆಯಲ್ಲಿ ಕತ್ತಿ ಸಿಕ್ಕಿಸುವ ಬಟ್ಟೆ ಎಷ್ಟು ಬಿಗಿ ಇರಬೇಕೆಂಬ ಅರಿವೂ ಸೇರಿತ್ತು. ಉಡುವವನ ನಡುವನ್ನು ನೇಕಾರ ಬಲ್ಲವನಾಗಿದ್ದ.

ನನ್ನ ಅಜ್ಜಿಯ ಪೆಟ್ಟಿಗೆಯಿಂದ ಬಂದ ಒಂದು ಚೇಲೆ ನನ್ನ ಹತ್ತಿರವಿದೆ. ದಪ್ಪ ಹತ್ತಿಯದು, ಕೆಂಪು ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ, ಎರಡೂ ತುದಿಗಳಲ್ಲಿ ಬಿಳಿ ನೂಲಿನ ವಜ್ರದ ಪಟ್ಟಿಗಳು. ತಾತ ಹೋದ ಮೇಲೆಯೇ ಅದು ನನ್ನ ಕೈಸೇರಿದ್ದು. ಭೂತಗನ್ನಡಿ ಹಿಡಿದು ಅದನ್ನು ಪೂರ್ತಿ ಚೌಕುಳಿ ಹಾಳೆಗೆ ಇಳಿಸಿದ್ದೇನೆ. ಮೂರು ಬಿಟ್ಟು ಒಂದೆತ್ತುವ ಅದೇ ಎಣಿಕೆ ಅಲ್ಲಿದೆ. ಎಣಿಸುತ್ತ ಹೋದಾಗ ಒಂದು ಸಾಲಿನಲ್ಲಿ ಬಿಳಿ ನೂಲು ಹಾಸಿನ ಎಳೆಯ ಕೆಳಗೆ ಹಾಯದೆ ಅದನ್ನು ಸೀಳಿಕೊಂಡು ಹೋದದ್ದು ಕಂಡಿತು. ಲಾಳಿಯಾಗಲಿ ಬಿದಿರ ಕಡ್ಡಿಯಾಗಲಿ ಎಳೆಯನ್ನು ಸೀಳುವುದಿಲ್ಲ, ಸೂಜಿ ಮಾತ್ರ ಸೀಳುತ್ತದೆ. ಎಳೆ ಎಣಿಸಿ ಹೊಲಿದ ಕಸೂತಿಯನ್ನೂ ಮಗ್ಗದಲ್ಲೇ ತುಂಬಿದ ಚಿತ್ರವನ್ನೂ ಮೇಲುನೋಟಕ್ಕೆ ಬೇರೆ ಮಾಡುವುದು ಕಷ್ಟ. ಹಾಗಾದರೆ ಇದು ಸವೆದ ಒಂದು ಸಾಲನ್ನು ನಮ್ಮ ಮನೆಯ ಯಾವಳೋ ಹೆಂಗಸು ಸೂಜಿಯಿಂದ ರಿಪೇರಿ ಮಾಡಿದ್ದೋ, ಇಲ್ಲ ಶಿರಂಗಾಲದಿಂದ ಬಂದ ಸಾದಾ ಬಟ್ಟೆಯ ಮೇಲೆ ಇಡೀ ಪಟ್ಟಿಯನ್ನೇ ಐನ್‌ಮನೆಯ ಜಗಲಿಯಲ್ಲಿ ಕೂತು ಹೊಲಿದದ್ದೋ? ಒಂದೇ ಚೇಲೆಯಿಂದ ಇದನ್ನು ತೀರ್ಮಾನಿಸಲಾಗುವುದಿಲ್ಲ. ಇನ್ನೂ ನಾಲ್ಕೈದು ಹಳೆಯ ಚೇಲೆಗಳ ತುದಿಗಳನ್ನು ಪಕ್ಕಪಕ್ಕ ಇಟ್ಟು ಎಣಿಸಬೇಕು. ಕೊಡಗಿನ ಮನೆಗಳ ಪೆಟ್ಟಿಗೆಗಳಲ್ಲಿ ಅವು ಇವೆ. ಮಾಸಿದೆ, ಹರಿದಿದೆ ಎಂದು ತುದಿ ಕತ್ತರಿಸಿ ಹೊಸ ಅಂಚು ಹೊಲಿಸಬೇಡಿ, ಡ್ರೈ ಕ್ಲೀನಿಂಗಿಗೆ ಕೊಡಬೇಡಿ. ಹಳೆಯ ಪಂಚೆಯಲ್ಲಿ ಸಡಿಲವಾಗಿ ಸುತ್ತಿ, ಮಡಿಕೆಯ ಗುರುತು ಒಂದೇ ಕಡೆ ಬೀಳದಂತೆ ಮಳೆಗಾಲ ಕಳೆದ ಮೇಲೊಮ್ಮೆ ಬಿಚ್ಚಿ ನೆರಳಲ್ಲಿ ಹರಡಿ ಇಡಿ.